ಜನವರಿಯ ಮಬ್ಬು, ಕಿಟಕಿಯ ಅಂಟು: ಗಾಳಿಯ ಕಣಗಳ ಬಗ್ಗೆ ಪ್ರಶ್ನೋತ್ತರ

ಸುಜಾತಾ, ಕಾರವಾರ: ಸರ್, ಅಕ್ಟೋಬರಿನಲ್ಲಿ ಬೀಚಿನಿಂದ ದೇವಗಡ ದ್ವೀಪದ ದೀಪಸ್ತಂಭ ಚೆನ್ನಾಗಿ ಕಾಣುತ್ತದೆ. ಜನವರಿಯಲ್ಲಿ ಬರೀ ಮಬ್ಬು. ಕಿಟಕಿ ಸರಳು ಒರೆಸಿದರೆ ಅಂಟಂಟು, ಬಟ್ಟೆಯೂ ಕಪ್ಪು. ಎಲ್ಲ ಸಮುದ್ರದ ಉಪ್ಪೇನಾ? ಮಳೆಗೆ ಇದರಿಂದ ತೊಂದರೆಯಾ?

ಉತ್ತರ: ಅಂಟು ಬೇರೆ, ಕಪ್ಪು ಬೇರೆ, ಮೇಡಂ. ಅಂಟು ಉಪ್ಪಿನದು. ಅಲೆಯ ನೊರೆಗುಳ್ಳೆ ಒಡೆದಾಗ ಸಣ್ಣ ಹನಿಗಳು ಹಾರುತ್ತವೆ, ನೀರು ಆರಿ ಉಪ್ಪು ಉಳಿಯುತ್ತದೆ. ಗಾಳಿಯ ತೇವ ಸುಮಾರು ಶೇ 75 ದಾಟಿದರೆ ಅದು ನೀರು ಎಳೆದುಕೊಂಡು ಕರಗುತ್ತದೆ. ಸರಳಿಗೆ ತುಕ್ಕು ಹಿಡಿಸುವುದೂ ಅದೇ. ಆಗಾಗ ಸಿಹಿನೀರಿನಲ್ಲಿ ತೊಳೆಯಿರಿ, ಸುಮ್ನೆ ಒರೆಸಿದರೆ ಸಾಲದು.

ಕಪ್ಪು ಮಸಿ ನೆಲದ ಕಡೆಯದು. ಚಳಿಗಾಲದ ಗಾಳಿ ಒಳನಾಡಿನಿಂದ ಕಡಲಿಗೆ ಬೀಸುತ್ತದೆ. ಒಲೆ, ಡೀಸೆಲ್, ಕಲ್ಲಿದ್ದಲಿನ ಹೊಗೆಯೆಲ್ಲ ಅದರ ಜೊತೆ. ತೊಳೆಯಲು ಮಳೆಯೂ ಇಲ್ಲ. 1999ರಲ್ಲಿ ಇಂಡೋಎಕ್ಸ್ ಎಂಬ ಹಿಂದೂ ಮಹಾಸಾಗರದ ಗಾಳಿಯ ಅಧ್ಯಯನದವರು ಹಡಗು, ವಿಮಾನಗಳಿಂದ ಅಳೆದಾಗ ಈ ಕಂದು ಮಬ್ಬು ಹಿಂದೂ ಮಹಾಸಾಗರದ ಮೇಲೂ ಬಹಳ ದೂರ ಹರಡಿತ್ತು.

ಮಳೆಗೆ ಕಣ ಬೇಕೇ ಬೇಕು. ಮೋಡದ ಪ್ರತಿ ಹನಿಯೂ ಒಂದು ಕಣದ ಸುತ್ತಲೇ ಕಟ್ಟುತ್ತದೆ. ಉಪ್ಪಿನ ದೊಡ್ಡ ಕಣಗಳಿದ್ದರೆ ಹನಿ ಬೇಗ ದಪ್ಪವಾಗಿ ಬೀಳುತ್ತದೆ. ಹೊಗೆಯ ಸಣ್ಣ ಕಣ ಜಾಸ್ತಿಯಾದರೆ ಅಷ್ಟೇ ನೀರು ಲೆಕ್ಕವಿಲ್ಲದಷ್ಟು ಪುಟ್ಟ ಹನಿಗಳಿಗೆ ಹಂಚಿಹೋಗುತ್ತದೆ. ಮೋಡ ಬೆಳ್ಳಗೆ ಹೊಳೆದು ಬಿಸಿಲನ್ನು ವಾಪಸ್ ಕಳಿಸುತ್ತದೆ, ಮಳೆ ತಡವಾಗುತ್ತದೆ.

ಹೆಗಡೆ, ಶಿರಸಿ: ನಮ್ಮ ಅಡಿಕೆ ತೋಟಕ್ಕೂ ಈ ಕಣಗಳಿಗೂ ಏನಾದರೂ ಸಂಬಂಧ ಉಂಟಾ?

ಉತ್ತರ: ಉಂಟು ಹೆಗಡೆಯವರೇ, ನನಗೆ ಇಷ್ಟದ ಭಾಗವೇ ಇದು. ಕಡಲಿನ ಸೂಕ್ಷ್ಮ ಸಸ್ಯಗಳಿಂದ ಗಂಧಕ ಇರುವ ಒಂದು ಅನಿಲ ಹೊರಬರುತ್ತದೆ, ಡೈಮೀಥೈಲ್ ಸಲ್ಫೈಡ್ ಅಂತ. ಕಡಲ ವಾಸನೆಯಲ್ಲಿ ಅದರ ಪಾಲೂ ಇದೆ. ಗಾಳಿಯಲ್ಲಿ ಅದು ಸಲ್ಫೇಟ್ ಕಣವಾಗಿ, ಮೋಡ ಸೇರಿ, ಘಟ್ಟದ ಮಳೆಯಲ್ಲಿ ಇಳಿಯುತ್ತದೆ. ಸ್ವಲ್ಪ ಗಂಧಕ ಗಿಡಕ್ಕೆ, ಉಳಿದದ್ದು ಅಘನಾಶಿನಿ ಹಿಡಿದು ಮತ್ತೆ ಕಡಲಿಗೆ. ದಾರಿಯಲ್ಲಿ ವಾಹನದ ಹೊಗೆಯಿಂದಾದ ನೈಟ್ರಿಕ್ ಆಮ್ಲ ಉಪ್ಪಿನ ಕಣಕ್ಕೆ ತಗುಲಿದರೆ, ಕ್ಲೋರಿನ್ ಭಾಗ ಅನಿಲವಾಗಿ ಹಾರಿ ನೈಟ್ರೇಟ್ ಕೂರುತ್ತದೆ. ಅದೂ ಮಳೆಯಲ್ಲಿ ಬೀಳುವ ಸಾರಜನಕವೇ. ಹಾಗಂತ ಗೊಬ್ಬರ ನಿಲ್ಲಿಸಬೇಡಿ ಮಾರಾಯ್ರೇ!

ಹೆಗಡೆ, ಶಿರಸಿ: ಹೊಗೆ ಸೇರಿದ ಮೋಡ ಬಿಸಿಲನ್ನು ವಾಪಸ್ ಕಳಿಸುತ್ತದೆ ಅಂದ್ರಿ. ಹಾಗಾದ್ರೆ ಹೊಗೆ ಒಳ್ಳೆಯದೇ ಅಲ್ವಾ?

ಉತ್ತರ: ತಂಪು ಮಾಡುವುದು ನಿಜ. 1991ರಲ್ಲಿ ಫಿಲಿಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ ಗಂಧಕದ ಕಣ ತುಂಬ ಮೇಲೆ ಹೋಗಿ, ಮುಂದಿನ ವರ್ಷ ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಯಿತು. ಆದರೆ ಎಲ್ಲ ಕಣವೂ ಹಾಗಲ್ಲ, ಮಸಿ ಬಿಸಿಲನ್ನು ಹೀರಿ ಗಾಳಿಯನ್ನೇ ಕಾಯಿಸುತ್ತದೆ. ಕಡಲಿಗೆ ಬಿಸಿಲು ಕಮ್ಮಿ ಬಿದ್ದರೆ ಆವಿಯೂ ಕಮ್ಮಿ, ಮುಂಗಾರಿಗೂ ಪೆಟ್ಟು. ಇನ್ನು ಆಯಸ್ಸು ನೋಡಿ. ನಮ್ಮ ತಲೆಯ ಮೇಲಿನ ಹೊಗೆಕಣ ಇರುವುದು ವಾರದ ಲೆಕ್ಕದಲ್ಲಿ, ಅದರ ಜೊತೆ ಹೊರಟ, ಭೂಮಿಯನ್ನು ಕಾಯಿಸುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ದೊಡ್ಡ ಪಾಲು ನೂರಾರು ವರ್ಷ ಕೂರುತ್ತದೆ. ಇನ್ನು ಹೊಗೆ ಗಾಳಿಯಲ್ಲಿರುವಷ್ಟು ದಿನ ಅದನ್ನು ಕುಡಿಯಬೇಕಾದದ್ದು ನಮ್ಮ ಶ್ವಾಸಕೋಶ.