ಹಾಡಿನ ಕ್ಲಾಸಿನಿಂದ ಬ್ಯಾಂಡಿಗೆ: ಅನುಭವ ಇದ್ದವರು ಹೇಳಿ

ಪ್ರಶ್ನೆ, ಸಿಂಧನೂರು ಕಡೆಯ ಶಿಕ್ಷಕಿ: ನಮ್ಮ ಸರ್ಕಾರಿ ಶಾಲೆಯಲ್ಲಿ 1ರಿಂದ 4ನೇ ತರಗತಿಗೆ ಹಾಡು, ತಾಳ ಕಲಿಸುತ್ತೇನೆ. ನನಗೆ ಹಾರ್ಮೋನಿಯಂ ಬರುತ್ತದೆ, ಊದುವ ವಾದ್ಯ ಬರುವುದಿಲ್ಲ. ಈಗ 5ನೇ ತರಗತಿಗೆ ಬ್ಯಾಂಡ್ ಶುರು ಮಾಡಿ ಅಂದಿದ್ದಾರೆ. ಸೈಡ್ ಡ್ರಮ್, ಬ್ಯೂಗಲ್, ಟ್ರಂಪೆಟ್, ಕ್ಲಾರಿನೆಟ್ ಬಂದಿವೆ. ಎಲ್ಲಿಂದ ಶುರು ಮಾಡಲಿ?

ಕೊಪ್ಪಳದಿಂದ, ಸಂಗೀತ ಶಿಕ್ಷಕ: ಮೇಡಂ, ಹಾಡನ್ನು ಬಿಡಬೇಡಿ. ಬ್ಯಾಂಡ್ ಬಂತು ಅಂತ ಹಾಡು ನಿಲ್ಲಿಸಿಬಿಡುವ ಶಾಲೆಗಳೇ ಜಾಸ್ತಿ. ಆ ಮಕ್ಕಳು ಸುಮ್ನೆ ಗಾಳಿ ಊದುತ್ತಾರೆ.

ಬ್ಯೂಗಲ್ ಕೈಗೆ ತಗೊಂಡು ನೋಡಿ. ಅದಕ್ಕೆ ಗುಂಡಿಯೇ ಇಲ್ಲ. ಸ್ವರ ಬದಲಾಗುವುದು ತುಟಿಯ ಬಿಗಿ ಮತ್ತು ಉಸಿರಿನಿಂದ. ಸಿಗುವುದು ಮುಖ್ಯವಾಗಿ ಮಂದ್ರದ (ಕೆಳಗಿನ ಸ್ಥಾಯಿಯ) ಸ, ಪ, ಆಮೇಲೆ ಮಧ್ಯದ ಸ, ಗ, ಪ. ಟ್ರಂಪೆಟ್ಟಿನಲ್ಲೂ ಯಾವ ಗುಂಡಿ ಒತ್ತದೆ ಊದಿದರೆ ಇದೇ ಸಾಲು ಬರುತ್ತದೆ. ಅಂದರೆ ಬೆರಳು ನೋಡಿ ಸ್ವರ ಹಿಡಿಯೋಕೆ ಆಗಲ್ಲ. 'ಪ' ಎಲ್ಲಿದೆ ಅಂತ ಕಿವಿಗೆ ಮೊದಲೇ ಗೊತ್ತಿರಬೇಕು. ಅದನ್ನು ಕಲಿಸುವುದು ನಿಮ್ಮ ಹಾಡಿನ ಕ್ಲಾಸೇ ಅಲ್ವಾ? ಈ ಸಾಲನ್ನು ದಿನಾ ಹಾಡಿಸಿ. ಆಮೇಲೆ ಬಾಯಿ ಮುಚ್ಚಿ ಗುನುಗಿಸಿ. ಆಮೇಲೆ ಮೌತ್‌ಪೀಸ್ (ವಾದ್ಯದ ಬಾಯಿಗಿಡುವ ತುದಿ) ಒಂದರಲ್ಲೇ ತುಟಿ ನಡುಗಿಸುತ್ತಾ ಅದೇ ಸ್ವರ ಹುಡುಕಲಿ. ವಾದ್ಯ ಕೊನೆಗೆ ಕೊಡಿ. ತುಟಿ ಬೇಗ ಸೋಲುತ್ತದೆ, ಹತ್ತು ನಿಮಿಷಕ್ಕೊಮ್ಮೆ ಬಿಡುವು ಕೊಡಿ.

ಇನ್ನೊಂದು ಮಾತು. ಶಾಲೆಗೆ ಬರುವ ಟ್ರಂಪೆಟ್, ಕ್ಲಾರಿನೆಟ್ ಸಾಮಾನ್ಯವಾಗಿ ಬಿ ಫ್ಲ್ಯಾಟ್ ವಾದ್ಯಗಳು. ಅವುಗಳ ಪುಸ್ತಕದಲ್ಲಿ 'ಸಿ' ಅಂತ ಬರೆದದ್ದು ನಿಮ್ಮ ಹಾರ್ಮೋನಿಯಂನಲ್ಲಿ ಕಾಳಿ ಪಾಂಚ್, ಅಂದರೆ ಐದನೇ ಕಪ್ಪು ಮನೆ. 4ನೇ ತರಗತಿಯಲ್ಲೇ ಕಾಳಿ ಪಾಂಚ್‌ಗೆ 'ಸ' ಇಟ್ಟು, ಬಿಲಾವಲ್ ರಾಗದ ಸ ರಿ ಗ ಮ ಪ ಐದೇ ಸ್ವರದಲ್ಲಿ ಹಾಡಿಸಿ. ಕರ್ನಾಟಕ ಸಂಗೀತದ ಮೊದಲ ಪಾಠವಾದ ಮಾಯಾಮಾಳವಗೌಳ ರಾಗದ ಸರಳೆ ಇಲ್ಲಿ ಹೊಂದಲ್ಲ, ಅದರ ರಿ ಬೇರೆ. ಮಕ್ಕಳು ಮುಂದಿನ ವರ್ಷ ವಾದ್ಯ ಹಿಡಿದಾಗ ಅದೇ ಹಾಡು, ಅದೇ ಶ್ರುತಿ ಸಿಗುತ್ತದೆ.

ಗಂಗಾವತಿಯಿಂದ, ದೈಹಿಕ ಶಿಕ್ಷಕ: ಡ್ರಮ್ ಬಗ್ಗೆ ಇಷ್ಟೇ. ಮೊದಲು ಹೆಜ್ಜೆ, ಆಮೇಲೆ ಕೋಲು. ಮೊಹರಂನಲ್ಲಿ ಹೆಜ್ಜೆ ಹಾಕಿದ ಮಕ್ಕಳಿಗೆ ಲಯ ಕಾಲಲ್ಲೇ ಇರುತ್ತದೆ. 'ತಕಧಿಮಿ' ಬಾಯಲ್ಲಿ ಹೇಳುತ್ತಾ ತೊಡೆ ಮೇಲೆ ಬಡಿಯಲಿ: ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಕವಾಯತಿನ ವೇಗ ನಿಮಿಷಕ್ಕೆ 120 ಹೆಜ್ಜೆ. ನೀವು 90ರಿಂದ ಶುರು ಮಾಡಿ. ಮರದ ಹಲಗೆಗೆ ಹಳೇ ಟ್ಯೂಬಿನ ರಬ್ಬರ್ ಅಂಟಿಸಿದರೆ ಅಭ್ಯಾಸಕ್ಕೆ ಸಾಕು, ಪಕ್ಕದ ಕ್ಲಾಸಿಗೂ ತೊಂದರೆ ಇಲ್ಲ.

ರಾಯಚೂರಿನಿಂದ, ಶಿಕ್ಷಕಿ: ಕೊಪ್ಪಳದ ಸರ್ ಹೇಳಿದ್ದು ಒಪ್ಪುತ್ತೇನೆ. ಆದರೆ ಹಾಡಿನಿಂದ ನೇರ ಕ್ಲಾರಿನೆಟ್ಟಿಗೆ ಹೋಗುವುದು ಕಷ್ಟ. ನಡುವೆ ಪ್ಲಾಸ್ಟಿಕ್ ರೆಕಾರ್ಡರ್ (ನೇರ ಹಿಡಿದು ಊದುವ ಕೊಳಲಿನಂಥ ವಾದ್ಯ) ಇಡಿ. ಬೆರಳಿನ ಮೆತ್ತನೆ ಭಾಗದಿಂದ ತೂತು ಪೂರ್ತಿ ಮುಚ್ಚುವುದು, 'ತು ತು' ಅಂತ ನಾಲಿಗೆಯಿಂದ ಸ್ವರ ಬಿಡಿಸುವುದು, ಮೆಲ್ಲಗೆ ಊದುವುದು, ಮೂರೂ ಅಲ್ಲೇ ಕಲಿಯುತ್ತಾರೆ. ಕ್ಲಾರಿನೆಟ್ಟಿನಲ್ಲಿ ತೂತು ಒಂದಿಷ್ಟು ತೆರೆದಿದ್ದರೂ ಕಿರುಚುತ್ತದೆ. ಬೆರಳು ಚಿಕ್ಕದಿರುವ ಮಗುವಿಗೆ ಅದನ್ನು ಕೊಡಬೇಡಿ.

ಐದು ಗೆರೆಯ ಸ್ವರಲಿಪಿಗೆ ಅವಸರ ಬೇಡ. ಬಾಯಿಪಾಠ ಇರುವ ಹಾಡನ್ನೇ ಬರೆದು ತೋರಿಸಿ, ಬೇಗ ಹತ್ತುತ್ತದೆ.

ನಿಮಗೆ ಊದಲು ಬರಲ್ಲ ಅಂದಿರಿ. ನಿಮ್ಮೂರ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್, ಟ್ರಂಪೆಟ್ ನುಡಿಸುವವರನ್ನು ಕರೆಸಿ. ರೀಡ್ (ಕ್ಲಾರಿನೆಟ್ಟಿನ ಬಾಯಿಗಿಡುವ ತುದಿಯಲ್ಲಿ ಕಂಪಿಸುವ ತೆಳು ಪಟ್ಟಿ) ಕೂರಿಸುವುದು, ತುಟಿ ಹಿಡಿಯುವುದು ಅವರು ತೋರಿಸಿದಂತೆ ಪುಸ್ತಕ ತೋರಿಸಲ್ಲ. ಪುಕ್ಕಟೆ ಮಾತ್ರ ಕರೆಸಬೇಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮೊದಲೇ ಮಾತಾಡಿ ಗೌರವಧನ ಗೊತ್ತು ಮಾಡಿಕೊಳ್ಳಿ. ಮದುವೆ ಸೀಸನ್ನಿನಲ್ಲಿ ಅವರು ಸಿಗುವುದಿಲ್ಲ, ಜೂನ್ ಕೊನೆಗೆ ಕೇಳಿ.