ಕೊರೊನಾ ವರ್ಷಗಳ ವಿಜ್ಞಾನ ಪಾಠ: ಪ್ರಯೋಗಾಲಯವಿಲ್ಲದೆ ಏನನ್ನು ಕಲಿಸಿದಿರಿ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಹಿರಿಯ ಶಿಕ್ಷಕರಿಗೆ ನಮಸ್ಕಾರ. ನಾನು ವಿಜ್ಞಾನ ಶಿಕ್ಷಕಿಯಾಗಿ ಸೇರಿದ್ದು ಶಾಲೆಗಳೆಲ್ಲ ಮತ್ತೆ ತೆರೆದ ಮೇಲೆ. ಹಾಗಾಗಿ ಆ ಎರಡು ವರ್ಷಗಳ ಪಾಠದ ಅನುಭವ ನನಗಿಲ್ಲ. ಈಗ ನನ್ನ ಒಂಬತ್ತನೇ ತರಗತಿಯಲ್ಲಿರುವ ಮಕ್ಕಳು 2020ರ ಮಾರ್ಚ್‌ನಲ್ಲಿ ಮೂರನೇ ತರಗತಿಯಲ್ಲಿದ್ದವರು. ನಾಲ್ಕನೇ ತರಗತಿಯ ಕೋಣೆಯಲ್ಲಿ ಅವರು ಕೂರಲೇ ಇಲ್ಲ. ಐದನೆಯದಕ್ಕೆ ಬಂದದ್ದು ಒಂದರಿಂದ ಐದನೇ ತರಗತಿಗಳು ತೆರೆದ 2021ರ ಅಕ್ಟೋಬರ್ 25ರ ನಂತರ.

ಓದು, ಲೆಕ್ಕ ಹೇಗೋ ಸುಧಾರಿಸಿವೆ. ನನ್ನನ್ನು ಕಾಡುತ್ತಿರುವುದು ಬೇರೆ. ಅಳತೆ ಜಾಡಿಯನ್ನು ಕೈಗೆ ಕೊಟ್ಟ ಕೂಡಲೇ ನೀರಿನ ಮಟ್ಟ ನೋಡುವ ಮೊದಲೇ "ಎಷ್ಟು ಬರಬೇಕು ಮಿಸ್?" ಎಂದು ಕೇಳುತ್ತಾರೆ. ಒಬ್ಬಳು 48 ಎಂದರೆ ಇಡೀ ಬೆಂಚು 48 ಎಂದು ಬರೆದುಕೊಳ್ಳುತ್ತದೆ. ಇದು ಪರದೆಯ ಪಾಠ ಬಿಟ್ಟುಹೋದ ಗುರುತೇ, ಅಥವಾ ಮೊದಲಿನಿಂದಲೂ ಇದ್ದದ್ದೇ? ಆ ಕಾಲದಲ್ಲಿ ನೀವು ಮಾಡಿದ್ದರಲ್ಲಿ ಇಂದಿಗೂ ಉಳಿಸಿಕೊಳ್ಳಬೇಕಾದದ್ದು ಏನಾದರೂ ಇದೆಯೇ?

ಉತ್ತರ 1: ನಿವೃತ್ತ ವಿಜ್ಞಾನ ಶಿಕ್ಷಕ, ಆನೇಕಲ್

"ಎಷ್ಟು ಬರಬೇಕು" ಎಂಬ ಪ್ರಶ್ನೆ ಕೊರೊನಾ ತಂದದ್ದಲ್ಲ, ಮೇಡಂ. ನಾನು ತೊಂಬತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದಾಗಲೂ ಮಕ್ಕಳು ಅದನ್ನೇ ಕೇಳುತ್ತಿದ್ದರು. ಆದರೆ ಆಗ ಅದಕ್ಕೆ ಮದ್ದು ಕೋಣೆಯಲ್ಲೇ ಇತ್ತು. ಓಮ್‌ನ ನಿಯಮದ ಪ್ರಯೋಗಕ್ಕೆ ಮಕ್ಕಳನ್ನು ಗುಂಪುಗಳಾಗಿ ಕೂರಿಸಿದರೆ ಒಂದು ಗುಂಪಿನ ತಂತಿಗೆ ತುಕ್ಕು ಹಿಡಿದಿರುತ್ತಿತ್ತು, ಇನ್ನೊಂದರ ಬ್ಯಾಟರಿ ಸೆಲ್ ಸೋತಿರುತ್ತಿತ್ತು, ಮೂರನೆಯವರು ಆಮ್ಮೀಟರನ್ನು ಓರೆಯಾಗಿ ನೋಡಿ ಓದಿರುತ್ತಿದ್ದರು. ಬೋರ್ಡಿನ ಮೇಲೆ ಎಲ್ಲರ ಅಂಕಿಗಳನ್ನು ಸಾಲಾಗಿ ಬರೆದಾಗ ಒಂದಕ್ಕೊಂದು ಹೊಂದುತ್ತಿರಲಿಲ್ಲ, ಮತ್ತು ಯಾಕೆ ಹೊಂದಲಿಲ್ಲ ಎಂಬ ಜಗಳದಲ್ಲೇ ಅರ್ಧ ಪಾಠ ಮುಗಿಯುತ್ತಿತ್ತು. ಪರದೆಯ ಮೇಲೆ ಮಾತ್ರ ಪ್ರಯೋಗ ಎಂದೂ ತಪ್ಪುವುದಿಲ್ಲ. ಚಂದನ ವಾಹಿನಿಯಲ್ಲಿ ಆಗ ಬರುತ್ತಿದ್ದ ಸಂವೇದ ಎಂಬ ಟಿವಿ ಪಾಠಗಳು ಚೆನ್ನಾಗಿಯೇ ಇದ್ದವು, ನಾನೂ ಮಕ್ಕಳಿಗೆ ನೋಡಲು ಹೇಳುತ್ತಿದ್ದೆ. ಆದರೆ ಅಲ್ಲಿ ರಾಜ್ಯದ ಅಷ್ಟೂ ಮಕ್ಕಳಿಗೆ ಕಾಣುವುದು ಒಂದೇ ಅಂಕಿ, ಅದೂ ಸರಿಯಾದದ್ದೇ. ಅಂಕಿಗಳು ಹೊಂದದೆ ಹೋಗುವ ಅವಕಾಶವನ್ನು ನಾವು ಕಳೆದುಕೊಂಡೆವು. ನನ್ನ ದೃಷ್ಟಿಯಲ್ಲಿ ಬಿಟ್ಟುಹೋದ ಪಾಠಗಳಿಗಿಂತ ಇದೇ ದೊಡ್ಡ ನಷ್ಟ.

ಇದು ಅರಿವಿಗೆ ಬಂದ ಮೇಲೆ ನಾನು ವಾಟ್ಸಾಪ್ ಗುಂಪಿನಲ್ಲಿ ವಿಡಿಯೊ ಕಳಿಸುವುದನ್ನು ಕಡಿಮೆ ಮಾಡಿ ಮನೆಯಲ್ಲೇ ಮಾಡುವ ಕೆಲಸ ಕೊಡತೊಡಗಿದೆ. ಒಮ್ಮೆ ವೀಳ್ಯದೆಲೆಗೆ ಹಚ್ಚುವ ಸುಣ್ಣವನ್ನು ರಾತ್ರಿ ನೀರಿನಲ್ಲಿ ಕಲಕಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಲೋಟಕ್ಕೆ ಬಗ್ಗಿಸಿ, ಸ್ಟ್ರಾದಿಂದ ಊದಲು ಹೇಳಿದೆ. ಹೀರಬಾರದು, ಕಣ್ಣಿಗೆ ಸಿಡಿಯಬಾರದು, ಮನೆಯ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು ಎಂಬ ಷರತ್ತುಗಳೊಂದಿಗೆ. ಉಸಿರಿನ ಕಾರ್ಬನ್ ಡೈಆಕ್ಸೈಡ್ ಸುಣ್ಣದ ತಿಳಿಯೊಂದಿಗೆ ಸೇರಿ ಬಿಳಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವುದರಿಂದ ಹೆಚ್ಚಿನವರ ನೀರು ಹಾಲಿನಂತಾಯಿತು. ಒಬ್ಬ ಹುಡುಗ ಮಾತ್ರ ಧ್ವನಿ ಸಂದೇಶದಲ್ಲಿ "ಸರ್, ನಂದು ಬೆಳ್ಳಗೆ ಆಗ್ಲೇ ಇಲ್ಲ, ಸುಮ್ನೆ ಗುಳ್ಳೆ ಬರ್ತಿದೆ" ಎಂದ. ಇನ್ನೊಬ್ಬಳು "ಮೊದಲು ಬೆಳ್ಳಗಾಯಿತು, ಊದುತ್ತಲೇ ಇದ್ದೆ, ಮತ್ತೆ ತಿಳಿಯಾಯಿತು" ಎಂದಳು. ನಾನು ಉತ್ತರ ಹೇಳದೆ ಎರಡು ದಿನ ಸುಮ್ಮನಿದ್ದೆ. ಹುಡುಗನ ಅಜ್ಜಿಯ ಡಬ್ಬಿಯಲ್ಲಿದ್ದದ್ದು ಎಷ್ಟೋ ತಿಂಗಳಿಂದ ಒಣಗಿದ ಸುಣ್ಣ, ಅದು ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಹೀರಿ ಆಗಲೇ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿಬಿಟ್ಟಿತ್ತು ಎಂಬುದನ್ನು ಮಕ್ಕಳೇ ಕೇಳಿ, ಹುಡುಕಿ ಹೇಳಿದರು. ಹುಡುಗಿ ಕಂಡದ್ದು ಕಾರ್ಬೊನೇಟ್ ಕರಗಿ ಬೈಕಾರ್ಬೊನೇಟ್ ಆಗುವುದನ್ನು; ಅದು ಪಠ್ಯಪುಸ್ತಕದಲ್ಲೇ ಇದೆ, ಓದಿದವರು ಕಡಿಮೆ.

2021ರ ಮೇ 24ರಂದು ಬೆಂಗಳೂರಿನ ಆಕಾಶದಲ್ಲಿ ಸೂರ್ಯನ ಸುತ್ತ ಉಂಗುರ ಕಂಡದ್ದು ನಿಮಗೂ ನೆನಪಿರಬಹುದು. ಎರಡನೇ ಅಲೆಯ ದಿನಗಳು; ಮನೆಮನೆಗಳಲ್ಲಿ ಅದು ಅಪಶಕುನವೇ ಎಂಬ ಚರ್ಚೆ. ಹತ್ತನೆಯವರು ಪರೀಕ್ಷೆ ಯಾವಾಗ ಎಂದು ಕಾಯುತ್ತಿದ್ದರು, ಗುಂಪಿಗೆ ಒಂದರ ಮೇಲೊಂದು ಫೋಟೊ ಬಂತು. ಸೂರ್ಯನನ್ನು ನೇರವಾಗಿ ನೋಡದೆ ಗೋಡೆಯ ಅಂಚಿಗೆ ಮರೆಮಾಡಿಕೊಂಡು, ತೋಳು ಪೂರ್ತಿ ಚಾಚಿ ಸೂರ್ಯನಿಂದ ಉಂಗುರಕ್ಕೆ ಎಷ್ಟು ದೂರ ಎಂದು ಗೇಣಿನಿಂದ ಅಳೆಯಿರಿ ಎಂದೆ. ಚಾಚಿದ ಕೈಯ ಗೇಣು ಸುಮಾರು 20 ಡಿಗ್ರಿ. ಉಂಗುರದ ತ್ರಿಜ್ಯ 22 ಡಿಗ್ರಿ. ಕೆಲವರು ಒಂದು ಗೇಣು ಎಂದರು, ಕೆಲವರು ಗೇಣಿಗಿಂತ ಎರಡು ಬೆರಳು ಹೆಚ್ಚು ಎಂದರು, ಉದ್ದ ಕೈಯವರಿಗೆ ಗೇಣೂ ದೊಡ್ಡದಲ್ಲವೇ ಎಂದು ಒಬ್ಬಳು ವಾದಕ್ಕಿಳಿದಳು. ಎತ್ತರದ ಮೋಡದಲ್ಲಿರುವ ಆರು ಮೂಲೆಯ ಹಿಮದ ಹರಳುಗಳಲ್ಲಿ ಬೆಳಕು ವಕ್ರೀಭವಿಸುವ ವಿಷಯ ಆಮೇಲೆ ಬಂತು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಆ ವರ್ಷ ಮಕ್ಕಳು ನನ್ನನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆ "ಮೊದಲು ಎಲ್ಲರಿಗೂ ಮಾಸ್ಕ್ ಬೇಡ ಎಂದರು, ಆಮೇಲೆ ಬೇಕು ಎಂದರು, ಹಾಗಾದರೆ ವಿಜ್ಞಾನಿಗಳಿಗೂ ಗೊತ್ತಿಲ್ಲವೇ?" ಎಂಬುದು. ವಿಶ್ವ ಆರೋಗ್ಯ ಸಂಸ್ಥೆ ಜನಸಾಮಾನ್ಯರಿಗೂ ಬಟ್ಟೆಯ ಮಾಸ್ಕ್ ಸೂಚಿಸಿದ್ದು 2020ರ ಜೂನ್‌ನಲ್ಲಿ. ಪ್ರಯೋಗಾಲಯದಲ್ಲಿ ಅಂಕಿಗಳು ಹೊಂದದ್ದನ್ನು ಕಂಡ ಮಗುವಿಗೆ ಈ ಬದಲಾವಣೆಯನ್ನು ಅರ್ಥ ಮಾಡಿಸುವುದು ಸುಲಭ. ವಿಡಿಯೊದಲ್ಲಿ ಸರಿಯುತ್ತರವನ್ನಷ್ಟೇ ಕಂಡ ಮಗುವಿಗೆ ಅದು ಮೋಸದಂತೆ ಕಾಣುತ್ತದೆ.

ಉತ್ತರ 2: ವಿಜ್ಞಾನ ಶಿಕ್ಷಕಿ, ಹೊಸನಗರ ತಾಲ್ಲೂಕು

ಸರ್ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಧ್ವನಿ ಸಂದೇಶ ಕಳಿಸಲು ನೆಟ್‌ವರ್ಕ್ ಇದ್ದ ಮಕ್ಕಳ ಕಥೆ ಅದು. ನಮ್ಮ ಕಡೆ ಗುಡ್ಡ ಹತ್ತಿದರೆ ಒಂದು ಕಡ್ಡಿ ಸಿಗ್ನಲ್ ಸಿಗುತ್ತಿತ್ತು. ಶಾಲೆ ಮುಚ್ಚಿದ್ದಾಗ ಶಿಕ್ಷಕರೇ ಮಕ್ಕಳಿರುವ ಊರು, ವಠಾರಗಳಿಗೆ ಹೋಗಿ ಕಲಿಸುವ ಸರ್ಕಾರದ ಕಾರ್ಯಕ್ರಮ ವಿದ್ಯಾಗಮ 2020ರ ಆಗಸ್ಟ್‌ನಲ್ಲಿ ಆರಂಭವಾದಾಗ ಮೊಬೈಲ್ ಇಲ್ಲದವರು, ಸಾದಾ ಮೊಬೈಲ್ ಇರುವವರು, ಸ್ಮಾರ್ಟ್‌ಫೋನ್ ಇರುವವರು ಎಂದು ಮಕ್ಕಳನ್ನು ಮೂರು ಕಾಲ್ಪನಿಕ ಕೊಠಡಿಗಳಾಗಿ ವಿಂಗಡಿಸಬೇಕಿತ್ತು. ನಮ್ಮಲ್ಲಿ ತುಂಬಿದ್ದು ಮೊದಲ ಎರಡು. ದೇವಸ್ಥಾನದ ಜಗಲಿಯೇ ವಠಾರ ಶಾಲೆ. ಎಲ್ಲರ ಮುಖಕ್ಕೂ ಮಾಸ್ಕ್ ಇದ್ದಾಗ ಸ್ಟ್ರಾ ಊದುವ ಪ್ರಯೋಗವನ್ನು ಅಲ್ಲಿ ಯೋಚಿಸುವಂತೆಯೂ ಇರಲಿಲ್ಲ.

ಆದರೆ ಆಗಸ್ಟ್ ತಿಂಗಳಲ್ಲಿ ನಮ್ಮ ತಾಲ್ಲೂಕಿನಲ್ಲಿ ಯಾವುದಕ್ಕೆ ಕೊರತೆಯಿದ್ದರೂ ಮಳೆಗಂತೂ ಇಲ್ಲ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದಾದ ಹುಲಿಕಲ್ ಇಲ್ಲೇ ಇದೆ. ನೆಟ್ಟಗಿನ ಗೋಡೆಯ ಖಾಲಿ ಡಬ್ಬಿಯನ್ನು ಅಂಗಳದಲ್ಲಿಟ್ಟು ದಿನವೂ ಬೆಳಿಗ್ಗೆ ಸ್ಕೇಲಿನಿಂದ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದು ಬರೆದಿಡಲು ಹೇಳಿದೆ. ಅಕ್ಕಪಕ್ಕದ ಮನೆಗಳ ಅಂಕಿಗಳೇ ಹೊಂದಲಿಲ್ಲ. ಅತಿ ಕಡಿಮೆ ಬರೆದವಳ ಮನೆಗೆ ಹೋಗಿ ನೋಡಿದರೆ ಡಬ್ಬಿ ಇದ್ದದ್ದು ಅಡಿಕೆ ಮರಗಳ ನಡುವೆ. ಅವಳದು ಅಳತೆಯಲ್ಲಿ ತಪ್ಪಲ್ಲ, ಅಡಿಕೆಯ ಹೆಡೆಗಳು ತಡೆದ ಮಳೆ ಡಬ್ಬಿಗೆ ಬಿದ್ದಿರಲೇ ಇಲ್ಲ. ಡಬ್ಬಿಯ ಬಾಯಿ ದೊಡ್ಡದಾದರೆ ಎತ್ತರ ಹೆಚ್ಚುತ್ತದೆಯೇ ಎಂಬ ಪ್ರಶ್ನೆ ಬಂದದ್ದು ಏಳನೇ ತರಗತಿಯವನಿಂದ, ಉತ್ತರಿಸಿದ್ದು ಒಂಬತ್ತನೆಯವರು. ಫೋನು ಬೇಕಾಗಲಿಲ್ಲ.

ಅಕ್ಟೋಬರ್‌ನಲ್ಲಿ ಸೋಂಕಿನ ವರದಿಗಳು ಬಂದು ವಿದ್ಯಾಗಮ ನಿಂತಿತು. ಆ ನಿರ್ಧಾರ ಸರಿಯೋ ತಪ್ಪೋ ಎಂದು ಇಂದು ಹೇಳುವುದು ಸುಲಭ. ಆದರೆ ಅಲ್ಲಿಂದ ಜನವರಿಯವರೆಗೆ ನಮ್ಮ ಮಕ್ಕಳಿಗೆ ಶಾಲೆ ಎನ್ನುವುದು ಯಾವ ರೂಪದಲ್ಲೂ ಇರಲಿಲ್ಲ. ಕೆಲವು ಹುಡುಗರು ಅಡಿಕೆ ಕೊಯ್ಲಿಗೆ ಹೋಗತೊಡಗಿ ಮತ್ತೆ ಬರಲೇ ಇಲ್ಲ.

ಉತ್ತರ 3: ಬಿ.ಎಸ್‌ಸಿ. ವಿದ್ಯಾರ್ಥಿ, ಮೈಸೂರು

ನಾನು 2021ರ ಎಸ್ಸೆಸ್ಸೆಲ್ಸಿ ತಂಡದವನು. ಜುಲೈ 19ರಂದು ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರಕ್ಕೂ ಸೇರಿ ಒಂದೇ ಪರೀಕ್ಷೆ, ವಿಷಯಕ್ಕೆ 40 ಅಂಕ, ಎಲ್ಲವೂ ಬಹು ಆಯ್ಕೆ, ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವುದಷ್ಟೇ ಕೆಲಸ. "ಕೊರೊನಾ ಬ್ಯಾಚ್, ಸುಮ್ಮನೆ ಪಾಸಾದವರು" ಎಂದು ನೆಂಟರಿಂದ ಕೇಳಿ ಕೇಳಿ ಸಾಕಾಗಿದೆ. ಒಂದು ಮಾತನ್ನು ಮಾತ್ರ ಹಿರಿಯರ ಮುಂದಿಡಬೇಕು. ಪಿಯುಸಿಗೆ ಬಂದಾಗ ಪ್ರಯೋಗಾಲಯ ತೆರೆದಿತ್ತು, ದ್ರವವನ್ನು ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ, ಬ್ಯೂರೆಟ್ಟನ್ನು ಮೊದಲ ಬಾರಿ ಮುಟ್ಟಿದೆ. ಆದರೆ ಅದರಿಂದ ಮಾಡುವ ಟೈಟ್ರೇಷನ್‌ ಪ್ರಯೋಗದಲ್ಲಿ ಮೂರು ಅಳತೆಗಳೂ ಹೊಂದಲೇಬೇಕಿದ್ದರಿಂದ ಒಮ್ಮೆ 10.2 ಬಂದರೆ ಉಳಿದ ಎರಡು ಸಾಲಿಗೂ 10.2 ಎಂದೇ ಬರೆಯುವುದು ರೂಢಿ. ಪರದೆಯನ್ನಷ್ಟೇ ದೂರಿದರೆ ಅನ್ಯಾಯವಾಗುತ್ತದೆ. ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ ಮೊದಲಿನಿಂದಲೂ ಆ ಕೆಲಸವನ್ನು ಮಾಡುತ್ತಲೇ ಬಂದಿದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಕೊನೆಯ ಮಾತು ನೇರವಾಗಿ ನಾಟಿತು, ಏಕೆಂದರೆ ರೆಕಾರ್ಡಿಗೆ ಅಂಕ ಕೊಡುವವಳು ನಾನೇ. ಅಂಕಿ ಹೊಂದದವರಿಗೂ ಪೂರ್ತಿ ಅಂಕ ಕೊಟ್ಟರೆ, ಅಜಾಗರೂಕತೆಯಿಂದ ಅಳೆದವರಿಗೂ ಕೊಟ್ಟಂತಾಗುವುದಿಲ್ಲವೇ?

ಉತ್ತರ 4: ನಿವೃತ್ತ ವಿಜ್ಞಾನ ಶಿಕ್ಷಕ, ಆನೇಕಲ್

ವಿದ್ಯಾರ್ಥಿಯ ಮಾತು ನಿಜ, ತಕರಾರಿಲ್ಲ. ಮೇಡಂ, ಅಂಕಿಗೆ ಅಂಕ ಕೊಡಬೇಡಿ, ಅಂಕಿಯ ಪಕ್ಕದಲ್ಲಿ ಬರೆದ ಕಾರಣಕ್ಕೆ ಕೊಡಿ. ಪೆನ್ನಿನಲ್ಲೇ ಬರೆಯಲಿ, ರಬ್ಬರ್ ಬೇಡ. ಎಲ್ಲರೂ ಬರೆದು ಮುಗಿಸುವವರೆಗೆ ಒಬ್ಬರ ಅಂಕಿಯೂ ಬೋರ್ಡಿಗೆ ಬರಬಾರದು. ಅಜಾಗರೂಕತೆಯಿಂದ ಅಳೆದವನಿಗೆ ಕಾರಣ ಬರೆಯಲು ಏನೂ ಹೊಳೆಯುವುದಿಲ್ಲ, ಆಗ ಮತ್ತೊಮ್ಮೆ ಅಳೆಯಲು ಕಳಿಸಿ. ಹೊಸನಗರದ ಮೇಡಂ ಹೇಳಿದ ಮಳೆಯ ಡಬ್ಬಿಯಿಂದಲೇ ಆರಂಭಿಸಬಹುದು, ಹಾವೇರಿಯಲ್ಲಿ ಜೂನ್, ಜುಲೈ ಸಾಕು. ಸುಣ್ಣದ ತಿಳಿಯ ಪ್ರಯೋಗ ಮಾಡಿಸುವುದಾದರೆ ಒಂದು ಗುಂಪಿಗೆ ಬೇಕೆಂದೇ ಹಳೆಯ ಒಣ ಸುಣ್ಣ ಕೊಡಿ, ಯಾರಿಗೆ ಕೊಟ್ಟಿರಿ ಎಂದು ಹೇಳಬೇಡಿ.