ಹೈ ಕಾಂಟ್ರಾಸ್ಟ್ ಹಾಕಿದರೆ ಗುರುತುಗಳೇ ಮಾಯ

ಪ್ರಶ್ನೆ (ತೀರ್ಥಹಳ್ಳಿ):
ಅಪ್ಪಯ್ಯನಿಗೆ ಬಿಳಿ ಪರದೆ ಕಣ್ಣಿಗೆ ಚುಚ್ಚುತ್ತದೆ. ವಿಂಡೋಸ್ 11ರಲ್ಲಿ ಕಪ್ಪು ಕಾಂಟ್ರಾಸ್ಟ್ ಥೀಮ್ ಹಾಕಿಕೊಟ್ಟೆ. ಅಕ್ಷರ ಚೆನ್ನಾಗಿ ಕಾಣುತ್ತವೆ. ಆದರೆ ಫೈರ್‌ಫಾಕ್ಸ್‌ನಲ್ಲಿ ಅಡಿಕೆ ಧಾರಣೆ ಪುಟ ತೆರೆದರೆ ಹುಡುಕುವ ಭೂತಗನ್ನಡಿ ಇಲ್ಲವೇ ಇಲ್ಲ. ರಾಶಿ, ಬೆಟ್ಟೆ ಅಂತ ಅಡಿಕೆ ಬಗೆಗಳ ಸಾಲುಗಳ ಬಣ್ಣವೂ ಹೋಗಿದೆ. ಪ್ರತಿ ಸಲ ನನ್ನನ್ನು ಕರೆಯಬೇಕಲ್ಲ ಅಂತ ಅವರಿಗೆ ಬೇಜಾರು. ಏನು ಮಾಡಲಿ?

ಉತ್ತರ (ಸಾಗರ):
ಥೀಮ್ ಪುಟದ ಬಣ್ಣ ತೆಗೆದು ತನ್ನದನ್ನು ಹಾಕುತ್ತದೆ. ಚಿತ್ರವಾಗಿ ಇಟ್ಟ ಕಪ್ಪು ಗುರುತು ಮಾತ್ರ ಬದಲಾಗದೆ ಕಪ್ಪಿನಲ್ಲೇ ಮುಳುಗುತ್ತದೆ. ಎಡಗಡೆಯ ಆಲ್ಟ್, ಶಿಫ್ಟ್ ಜೊತೆ ಪ್ರಿಂಟ್ ಸ್ಕ್ರೀನ್ ಒತ್ತಿ, ಥೀಮ್ ಆಫ್ ಆಗುತ್ತದೆ. ಮತ್ತೆ ಒತ್ತಿದರೆ ಆನ್.

ಉತ್ತರ (ಹೊಸನಗರ):
ಸುಮ್ನೆ ಓದುವುದಕ್ಕಾದರೆ ಎಫ್9 ಒತ್ತಿ ನೋಡಿ, ಬರೀ ಬರಹವನ್ನು ಸರಳವಾಗಿ ತೋರಿಸುವ ರೀಡರ್ ವ್ಯೂ ಬರುತ್ತದೆ.

ತೀರ್ಥಹಳ್ಳಿ:
ಧಾರಣೆ ಪುಟಕ್ಕೆ ಎಫ್9 ಬರಲಿಲ್ಲ. ಸುದ್ದಿ ಪುಟಕ್ಕೆ ಬಂತು. ಅಪ್ಪಯ್ಯ ಇವತ್ತು ಮಳೆ ಸುದ್ದಿಯನ್ನು ತಾವೇ ಪೂರ್ತಿ ಓದಿದರು!